ಹಲಸೂರು ಕೆರೆಯ ನೀರು ಎಲ್ಲಿಗೆ ಹೋಗುತ್ತದೆ?

(ಹಲಸೂರಿನಲ್ಲಿ ಸೇರಿದ್ದ ಕನ್ನಡದ ಯುವಕ ಯುವತಿಯರ ಸಭೆಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಮಕ್ಕಳು ಮತ್ತು ವಿಜ್ಞಾನ’. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ಸಿಗುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿಕ್ಕ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತವನು ನಾನು. ಮಣ್ಣು, ಕಲ್ಲು, ನೀರು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತೇನೆ. ದೊಡ್ಡವರು ಇದಕ್ಕೆ ಭೂವಿಜ್ಞಾನ ಅನ್ನುತ್ತಾರೆ. ಆರು ವರ್ಷದ ಮಗು ಇದಕ್ಕೆ ಆಟ ಅನ್ನುತ್ತದೆ.

ಮೊದಲು ಮನೆಯ ಕಥೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು ನಿಮಗೆಲ್ಲ ನೆನಪಿದೆ. ಕೆ.ಆರ್.ಪುರದ ಆಚೆ ನನ್ನ ಮಗಳು, ಅಳಿಯ ಸಾಲ ಮಾಡಿ ಮನೆ ತೆಗೆದುಕೊಂಡಿದ್ದರು. ರಾತ್ರಿ ಎರಡು ಗಂಟೆಗೆ ಮಂಚದ ಕಾಲು ಮುಳುಗುವಷ್ಟು ನೀರು ಒಳಗೆ ಬಂತು. ಅಕ್ಕಿ ಮೂಟೆ, ಫ್ರಿಜ್ಜು, ಅಳಿಯನ ಸರ್ಟಿಫಿಕೇಟುಗಳು, ಎಲ್ಲ ಹೋದವು. ಬೆಳಿಗ್ಗೆ ನಾನು ಹೋದಾಗ ಮೊಮ್ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಆಗ ಅವಳಿಗೆ ಆರು ವರ್ಷ. ಕೇಳಿದಳು: “ತಾತ, ಹಿಂದಿನ ಬೀದಿಗೆ ನೀರು ಬಂದಿಲ್ಲ. ನಮ್ಮನೆಗೇ ಯಾಕೆ ಬಂತು?”

ಅವಳಪ್ಪ, ಓದಿದವನು, “ಮಳೆ ಜಾಸ್ತಿ ಆಯ್ತು ಪುಟ್ಟಿ” ಅಂದ. ಅವಳು ಒಪ್ಪಲಿಲ್ಲ. “ಮಳೆ ಅಲ್ಲೂ ಬಂತಲ್ಲ?” ಅಂದಳು. ಆಮೇಲೆ ನೀರಿನಲ್ಲಿ ತೇಲಿಹೋಗುತ್ತಿದ್ದ ಒಂದು ಹವಾಯಿ ಚಪ್ಪಲಿ ತೋರಿಸಿ, “ನೋಡು, ಈ ಕಡೆಯಿಂದ ಆ ಕಡೆಗೆ ಹೋಗ್ತಾ ಇದೆ” ಅಂದಳು.

ಚಪ್ಪಲಿ ಹೋಗುತ್ತಿದ್ದ ದಿಕ್ಕಿಗೆ ನಾವೂ ಕಣ್ಣು ಹಾಯಿಸಿದೆವು. ಅರ್ಧ ಕಿಲೋಮೀಟರ್ ಆಚೆ ಕೆರೆ. ಮೇಲಿನ ದಿಣ್ಣೆಯ ನೀರೆಲ್ಲ ಆ ಕೆರೆಗೆ ಇಳಿಯುವ ಹಾದಿಯಲ್ಲಿ ನಮ್ಮ ಮನೆ. ಕೊಳ್ಳುವಾಗ ವಾಸ್ತು ನೋಡಿದ್ದೆವು, ಪತ್ರ ನೋಡಿದ್ದೆವು, ಸಾಲ ಕೊಟ್ಟವರೂ ಬಂದು ನೋಡಿದ್ದರು. ಇಳಿಜಾರು ಯಾರೂ ನೋಡಿರಲಿಲ್ಲ. ಮಕ್ಕಳಿಗೆ ‘ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ’ ಎಂದು ಸಾವಿರ ಸಲ ಬರೆಸಿದ ಮೇಷ್ಟ್ರು, ನಾನು, ಅದನ್ನು ನೋಡಿರಲಿಲ್ಲ.

ಗೆಳೆಯರೇ, ನಾನು ಇಲ್ಲಿಗೆ ಬಂದದ್ದು ಈ ನಾಚಿಕೆಯಿಂದ.

ಮೊಮ್ಮಗಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಮಣ್ಣಿನ ಚಿತ್ರಕ್ಕೆ ಕಂದು ಬಣ್ಣ ತುಂಬಿಸುತ್ತಾರೆ. ಶಾಲೆಯ ಅಂಗಳದಲ್ಲಿ ಇರುವುದು ಕೆಂಪು ಮಣ್ಣು! ಇವಳು ಕೆಂಪು ಬಳಿದದ್ದಕ್ಕೆ ಟೀಚರ್ ಅಡ್ಡಗೆರೆ ಎಳೆದು ಕಳಿಸಿದ್ದರು. ಸ್ವಲ್ಪ ದೊಡ್ಡ ಮಕ್ಕಳು ಇಗ್ನಿಯಸ್, ಸೆಡಿಮೆಂಟರಿ, ಮೆಟಮಾರ್ಫಿಕ್ ಎಂದು ಉರು ಹೊಡೆಯುತ್ತಾರೆ. ಬಾಗಿಲ ಮುಂದಿನ ಚಪ್ಪಡಿ ತೋರಿಸಿ ಇದು ಯಾವುದಮ್ಮ ಅಂದರೆ ಮುಖ ಮುಖ ನೋಡುತ್ತಾರೆ.

ಇಲ್ಲಿ ಚಪ್ಪಾಳೆ ಬೇಡ. ನಮ್ಮ ಕನ್ನಡ ಶಾಲೆಯ ಮಕ್ಕಳೂ ಅಷ್ಟೇ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ರಾಗವಾಗಿ ಹೇಳುತ್ತಾರೆ. ಚಪ್ಪಡಿಯ ಮುಂದೆ ಅವರೂ ಮೌನ. ಇಂಗ್ಲಿಷಿನ ಉರುವಿನ ಬದಲು ಸಂಸ್ಕೃತದ ಉರು ಹೊಡೆಸಿ ‘ಕನ್ನಡ ಮಾಧ್ಯಮ’ ಅನ್ನುವುದಾದರೆ, ಮಗುವಿಗೆ ಏನು ಲಾಭವಾಯಿತು? ಆ ಪದಗಳು ಬೇಕು, ಐದನೇ ಕ್ಲಾಸಿನ ಹೊತ್ತಿಗೆ ಬರಲಿ. ಅದಕ್ಕೆ ಮೊದಲು ಬಂಡೆ, ಗರಸು, ಮರಳು, ಜೇಡಿ, ಹೂಳು, ದಿಣ್ಣೆ, ತಗ್ಗು, ಕೋಡಿ, ತೂಬು ಬರಬೇಕು. ಇವನ್ನು ಮುಟ್ಟಬಹುದು, ತುಳಿಯಬಹುದು, ಮೂಸಬಹುದು.

ಎಲ್ಲಿಂದ ಶುರು ಮಾಡಬೇಕು? ಕಲ್ಲಿನಿಂದ. ಮಗುವನ್ನು ಹಲಸೂರು ಸೋಮೇಶ್ವರ ದೇವಸ್ಥಾನದ ಕಂಬದ ಹತ್ತಿರ ನಿಲ್ಲಿಸಿ. ದೇವಸ್ಥಾನ ಬೇಡವೆನ್ನುವವರು ಶಿವಾಜಿನಗರದ ಯಾವುದಾದರೂ ಹಳೇ ಕಟ್ಟಡದ ಮೆಟ್ಟಿಲ ಹತ್ತಿರ ನಿಲ್ಲಿಸಿ. ಕೈ ಇಟ್ಟು ನೋಡಲಿ. ತಣ್ಣಗಿರುತ್ತದೆ, ಕಣ್ಣು ಹತ್ತಿರ ತಂದರೆ ಚುಕ್ಕೆ ಚುಕ್ಕೆ ಕಾಣುತ್ತದೆ. ಗಾಜಿನ ಹಾಗೆ ಮಸುಕಾಗಿ ಹೊಳೆಯುವುದು ಬೆಣಚುಕಲ್ಲು. ಬಿಳಿ ಅಥವಾ ತಿಳಿಗೆಂಪು ಚುಕ್ಕೆ ಫೆಲ್ಡ್‌ಸ್ಪಾರ್. ಮಿಣಮಿಣ ಅನ್ನುವ ತೆಳು ಪದರ ಕಾಗೆಬಂಗಾರ. ಎಂಥ ಪದ ನೋಡಿ! ಮೈಕಾ ಅಂದರೆ ಮಗು ಮರೆಯುತ್ತದೆ, ಕಾಗೆಬಂಗಾರ ಅಂದರೆ ಮನೆಗೆ ಹೋಗಿ ಅಜ್ಜಿಗೂ ಹೇಳುತ್ತದೆ. ಮುಂದೆ ಮೈಕಾ ಎಂಬ ಹೆಸರು ಬಂದಾಗ ಅಂಟಿಸಿಕೊಳ್ಳಲು ಅದಕ್ಕೊಂದು ಜಾಗ ಇರುತ್ತದೆ.

ಕೆಲವು ಕಲ್ಲಿನಲ್ಲಿ ಚುಕ್ಕೆಯ ಬದಲು ಕಪ್ಪು ಬಿಳಿ ಪಟ್ಟೆಗಳು ಇರುತ್ತವೆ. ಬೆಂಗಳೂರಿನ ನೆಲದ ಕೆಳಗಿರುವ ಕಲ್ಲು ಬಹುಮಟ್ಟಿಗೆ ಅಂಥದ್ದು. ಪಟ್ಟೆ ಹೇಗೆ ಬಂತು ಎಂದು ಮಗು ಕೇಳಿದರೆ ಅಡುಗೆಮನೆಗೆ ಕರೆದುಕೊಂಡು ಹೋಗಿ. ರಾಗಿ ಹಿಟ್ಟಿನ ಒಂದು ಉಂಡೆ, ಅಕ್ಕಿ ಹಿಟ್ಟಿನ ಒಂದು ಉಂಡೆ ಕಲಸಿ. ಎರಡನ್ನೂ ಸೇರಿಸಿ ಒತ್ತಿ, ಮಡಚಿ, ಮತ್ತೆ ಒತ್ತಿ. ಚಾಕುವಿನಿಂದ ಕುಯ್ದರೆ ಪಟ್ಟೆ ಪಟ್ಟೆ! ಭೂಮಿಯ ಆಳದಲ್ಲಿ ಬಿಸಿಗೆ ಮೆತ್ತಗಾದ ಕಲ್ಲು, ಮೇಲಿನ ಭಾರಕ್ಕೆ ಹೀಗೆಯೇ ಒತ್ತಿಸಿಕೊಂಡಿತು. ರೂಪಾಂತರ ಶಿಲೆ ಎಂದರೆ ಇದೇ. ಉಳಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ.

ಆ ಕಲ್ಲು ಬಯಲಲ್ಲಿ ಕಾಣಬೇಕೆಂದರೆ ನಮ್ಮ ಕಡೆ ಜಾಗ ಕಡಿಮೆ. ಕೆಂಪೇಗೌಡರ ಗಡಿಗೋಪುರ ಹಲಸೂರು ಕೆರೆಯ ಬಳಿಯೂ ಬಂಡೆಯ ಮೇಲೆ ಇದೆ, ಆದರೆ ಅದು ಸೈನ್ಯದ ಆವರಣದೊಳಗೆ. ಆದ್ದರಿಂದ ಒಂದು ಭಾನುವಾರ ಬಸ್ಸು ಹತ್ತಿ ಲಾಲ್‌ಬಾಗಿಗೆ ಹೋಗಿ. ಅಲ್ಲಿನ ಬಂಡೆಯ ಮೇಲೂ ಗೋಪುರವಿದೆ. ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ವಯಸ್ಸು ಸುಮಾರು 300 ಕೋಟಿ ವರ್ಷ. ಜನ ಹೂವಿನ ಪ್ರದರ್ಶನ ನೋಡಿ, ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದು ಬರುತ್ತಾರೆ. ತಪ್ಪಲ್ಲ, ನಾನೂ ತಿಂದಿದ್ದೇನೆ. ಏನರ ಮೇಲೆ ಕೂತಿದ್ದೇವೆ ಎಂದು ಮಗುವಿಗೆ ಒಂದು ಮಾತು ಹೇಳಿ.

300 ಕೋಟಿ ಎಂದರೆ ಮಗುವಿಗೆ ಏನು ಅರ್ಥವಾಗುತ್ತದೆ? ನಮಗೇ ಆಗುವುದಿಲ್ಲ. ನಾನು ತರಗತಿಯಲ್ಲಿ ಹೆಜ್ಜೆಯ ಲೆಕ್ಕ ಮಾಡಿಸುತ್ತಿದ್ದೆ. ದೊಡ್ಡವರ ಒಂದು ಹೆಜ್ಜೆ, ಎರಡಡಿ, ಅದಕ್ಕೆ 1 ಲಕ್ಷ ವರ್ಷ ಎಂದು ಇಟ್ಟುಕೊಳ್ಳಿ. ಬಂಡೆ ಹುಟ್ಟಿದ ಕಾಲಕ್ಕೆ ಹೋಗಲು 30,000 ಹೆಜ್ಜೆ ಬೇಕು. ಸುಮಾರು 18 ಕಿಲೋಮೀಟರ್. ಕೆ.ಆರ್.ಪುರದಿಂದ ಲಾಲ್‌ಬಾಗ್ ದಾಟಿ ಇನ್ನೂ ಸ್ವಲ್ಪ ಮುಂದೆ! ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ 660 ಹೆಜ್ಜೆ. ಮನೆಯಿಂದ ಹಾಲಿನ ಬೂತಿಗೆ ಹೋಗಿ ಬಂದಷ್ಟು. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿದ್ದು? ಒಂದು ಹುಡುಗಿ ಲೆಕ್ಕ ಹಾಕಿ ಅಕ್ಕಿ ಕಾಳು ತಂದಳು, ಅದನ್ನು ಅರ್ಧ ಮುರಿದು ನೆಲದ ಮೇಲಿಟ್ಟಳು. ಸರಿಯಾಗಿತ್ತು, ಮೂರು ಮಿಲಿಮೀಟರ್.

ಇನ್ನು ಮಣ್ಣು. ನಮ್ಮ ಮಣ್ಣು ಕೆಂಪು ಯಾಕೆ? ಒಂದು ಕಬ್ಬಿಣದ ಮೊಳೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಡಿ. ಬಿಚ್ಚಿದಾಗ ಬಟ್ಟೆಗೆ ಹತ್ತಿದ ತುಕ್ಕನ್ನೂ ಅಂಗಳದ ಮಣ್ಣನ್ನೂ ಅಕ್ಕಪಕ್ಕ ಇಟ್ಟು ಮಗುವಿಗೆ ತೋರಿಸಿ. ಬೇರೆ ಮಾತು ಬೇಕಿಲ್ಲ. ಕಲ್ಲಿನೊಳಗಿನ ಕಬ್ಬಿಣ ಗಾಳಿ ನೀರಿಗೆ ಸಿಕ್ಕಿ ತುಕ್ಕು ಹಿಡಿದು ನಮ್ಮ ಮಣ್ಣಿಗೆ ಬಣ್ಣ ಕೊಟ್ಟಿದೆ. ಕಲ್ಲು ಮಣ್ಣಾಗಲು ಸಾವಿರಾರು ವರ್ಷ ಬೇಕು, ಅದನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಲು ಅರ್ಧ ದಿನ ಸಾಕು ಎಂಬುದನ್ನೂ ಹೇಳಿ.

ಇಂದಿರಾನಗರದಲ್ಲಿ ಹಳೇ ಮನೆ ಕೆಡವಿ ಪಾಯ ಅಗೆಯದ ಬೀದಿ ಯಾವುದಿದೆ? ಬೇಲಿಯ ಹೊರಗೆ, ದೂರದಲ್ಲಿ, ಮಗುವಿನ ಕೈ ಹಿಡಿದು ನಿಲ್ಲಿ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಬೆರಳಿನಿಂದ ಪುಡಿಯಾಗುವ ಗರಸು, ಅದರ ಕೆಳಗೆ ಬಂಡೆ. ಪುಸ್ತಕದ ಚಿತ್ರ ಎದುರಿಗೇ ಇದೆ. ಬೋರ್‌ವೆಲ್ ಲಾರಿ ಬಂದಾಗ ಬೀದಿಗೆಲ್ಲ ಧೂಳು ಎಂದು ಕಿಟಕಿ ಮುಚ್ಚುತ್ತೇವಲ್ಲ, ಆ ಧೂಳಿನ ಬಣ್ಣ ಮಗು ನೋಡಲಿ. ಮೊದಲು ಕೆಂಪು. ಆಮೇಲೆ ಬೂದಿ ಬಿಳಿ. ಬಣ್ಣ ಬದಲಾದ ಕ್ಷಣ ಕೊಳವೆ ಬಂಡೆ ಮುಟ್ಟಿತು! ಮೆಟ್ರೋ ಸುರಂಗ ಕೊರೆದ ‘ಊರ್ಜಾ’ ಯಂತ್ರವೂ ಇದೇ ಬಂಡೆ, ಇದೇ ಮಣ್ಣು ಕಚ್ಚಿಕೊಂಡು ಕಂಟೋನ್ಮೆಂಟಿನಿಂದ ಹೊರಟು 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ಹೊರಬಂತು.

ಬಂಡೆಯೊಳಗೆ ನದಿ ಹರಿಯುತ್ತಿದೆ ಎಂದು ಎಷ್ಟೋ ದೊಡ್ಡವರು ನಂಬಿದ್ದಾರೆ. ಒಂದು ಇಟ್ಟಿಗೆ, ಒಂದು ಕಲ್ಲು, ಎರಡನ್ನೂ ಬಕೆಟ್ಟಿನಲ್ಲಿ ಮುಳುಗಿಸಲು ಮಗುವಿಗೆ ಹೇಳಿ. ಇಟ್ಟಿಗೆ ಗುಳುಗುಳು ಎಂದು ನೀರು ಕುಡಿಯುತ್ತದೆ, ಕಲ್ಲು ಕುಡಿಯುವುದಿಲ್ಲ. ನಮ್ಮ ಮಣ್ಣು, ಗರಸು ಇಟ್ಟಿಗೆಯ ಹಾಗೆ. ಕೆಳಗಿನ ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿದರೆ ಬಿರುಕಿಗೆ ನೀರು ಇಳಿಯುವುದು ಎಲ್ಲಿಂದ? 2024ರ ಬೇಸಿಗೆಯಲ್ಲಿ ಕೆ.ಆರ್.ಪುರ, ವರ್ತೂರು, ವೈಟ್‌ಫೀಲ್ಡ್ ಕಡೆ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ಹಿಂದೆ ಓಡಿದವರು ನಾವು. ಬಕೆಟ್ಟಿನೊಳಗಿನ ಇಟ್ಟಿಗೆ ನೋಡಿದ ಮಗುವಿಗೆ ಅದರ ಕಾರಣ ಹೇಳಿಕೊಡಬೇಕಿಲ್ಲ.

ಇಲ್ಲಿ ಕೂತವರಲ್ಲಿ ಕೆ.ಜಿ.ಎಫ್. ಮೂಲದ ಮನೆಗಳವರು ಇದ್ದೀರಿ. 2001ರಲ್ಲಿ ಮುಚ್ಚಿದ ಆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಹೋದ ಹಾಗೆ ಬಂಡೆ ಬಿಸಿಯಾಗುತ್ತಿತ್ತು. ಭೂಮಿಯ ಒಳಗೆ ಬಿಸಿ ಎಂದು ಮಗು ಪುಸ್ತಕದಲ್ಲಿ ಓದುವ ಮೊದಲು, ಅಲ್ಲಿ ಇಳಿದ ಅಜ್ಜನ ಬಾಯಿಂದ ಕೇಳಲಿ. ಆ ಅಜ್ಜಂದಿರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಈಗ ನೀರಿಗೆ ಬರೋಣ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ನಾವು ಇರುವುದು ಪೂರ್ವದ ಇಳಿಜಾರಿನಲ್ಲಿ. ಹಲಸೂರು ಕೆರೆ ತುಂಬಿದರೆ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳದ ಕಡೆಯ ನೀರು ಕೆ.ಆರ್.ಪುರದ ಬಳಿಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸೇರಿ, ಅದೂ ಪಿನಾಕಿನಿಗೇ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿದ ಆ ನದಿ ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗಿ, ತಮಿಳುನಾಡು ದಾಟಿ, ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ನಾವು ಕುಡಿಯುವುದು ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತಂದ ನೀರು. ಕುಡಿದು, ತೊಳೆದು, ಬಚ್ಚಲಿಗೆ ಬಿಟ್ಟ ಮೇಲೆ ಅದು ಕಾವೇರಿಗೆ ವಾಪಸ್ ಹೋಗುವುದಿಲ್ಲ, ಪಿನಾಕಿನಿಯ ಕಣಿವೆಗೆ ಇಳಿಯುತ್ತದೆ! 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಈ ಭಾಗದ ಬಚ್ಚಲಿನ ನೀರು ಕೋಲಾರದ ಕೆರೆಗೆ! 2015ರಿಂದ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ಬೆಂಕಿ ಹತ್ತಿ, ಜಗತ್ತಿನ ಪತ್ರಿಕೆಗಳೆಲ್ಲ ಫೋಟೋ ಹಾಕಿದವು. ಆ ನೊರೆಯಲ್ಲಿ ನಮ್ಮ ಮನೆಯ ಸೋಪಿನ ಪಾಲೂ ಇತ್ತು. ಕಾವೇರಿಗಾಗಿ ಬೀದಿಗೆ ಇಳಿದವರು ನಾವು, ಇಳಿಯಲೇಬೇಕು. ನಮ್ಮ ಕೆರೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕಳೆದ ತಿಂಗಳು ಇಲ್ಲಿನ ಹತ್ತು ಹುಡುಗರನ್ನು ಕೇಳಿದೆ. ಒಂಬತ್ತು ಜನ ಕಾವೇರಿ ಅಂದರು. ಹತ್ತನೆಯವನು ಮೊಬೈಲ್ ತೆಗೆದ.

ಹೆಸರುಗಳನ್ನೇ ನೋಡಿ. ಕೋಡಿಹಳ್ಳಿಯ ಹೆಸರಲ್ಲೇ ಕೋಡಿ ಇದೆ. ತಿಪ್ಪಸಂದ್ರದ ಸಂದ್ರ ಎಂದರೆ ಸಮುದ್ರ, ಹಿರಿಯರು ದೊಡ್ಡ ಕೆರೆಗೆ ಸಮುದ್ರ ಅನ್ನುತ್ತಿದ್ದರು. ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಕನ್ನಡ ಶಾಸನದಲ್ಲಿ ಕೆರೆಗೆ ತೂಬು ಇಡಿಸಿದ ಮಾತಿದೆ. ಫಲಕದಲ್ಲಿ ಅಲ್ಸೂರ್ ಅಳಿಸಿ ಹಲಸೂರು ಬರೆಸಿದಿರಿ, ಬಹಳ ಸಂತೋಷ. ಅದೇ ಕೈಯಿಂದ ಒಂದು ಮಗುವಿಗೆ ಕೋಡಿ ಎಂದರೇನು ತೋರಿಸಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಬೀಳುವ ಜಾಗ ಅದು. ಅದನ್ನು ಮುಚ್ಚಿ ಮನೆ ಕಟ್ಟಿದರೆ ನೀರು ಮನೆಯೊಳಗಿನಿಂದ ಹೋಗುತ್ತದೆ.

ನಮ್ಮ ಮಕ್ಕಳ ಮನೆಮಾತು ಕನ್ನಡವಲ್ಲ, ಇಲ್ಲಿ ತಮಿಳು, ಅಲ್ಲಿ ಉರ್ದು, ತೆಲುಗು, ಏನು ಮಾಡುವುದು ಎಂದು ಶಿಕ್ಷಕರು ಕೇಳುತ್ತಾರೆ. ಒಂದು ದಿನ ನಾನು ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಿದ್ದೆ. ತಮಿಳು ಮನೆಯ ಹುಡುಗ ನೀರು ತೋರಿಸಿ “ಏರಿ” ಅಂದ. ಕೋಲಾರದ ಕಡೆಯ ಹುಡುಗಿ “ಅದು ಏರಿ ಅಲ್ಲ, ನಾವು ನಿಂತಿರೋದು ಏರಿ” ಎಂದು ಜಗಳ ತೆಗೆದಳು. ಅವಳ ತಾತ ಊರಿನ ನೀರುಗಂಟಿಯಂತೆ. ಇಬ್ಬರೂ ಸರಿ. ತಮಿಳಿನಲ್ಲಿ ಏರಿ ಎಂದರೆ ಕೆರೆ, ಕನ್ನಡದಲ್ಲಿ ಕೆರೆಯ ಕಟ್ಟೆ. ಏರಿ ಇಲ್ಲದಿದ್ದರೆ ಕೆರೆ ನಿಲ್ಲುತ್ತದೆಯೇ ಎಂದು ಕೇಳಿದೆ. ಎಲ್ಲ ಮಕ್ಕಳೂ ಮಣ್ಣಿನಲ್ಲಿ ಪುಟ್ಟ ಏರಿ ಕಟ್ಟಿ, ನೀರು ಸುರಿದು, ಅದು ಎಲ್ಲಿ ಒಡೆಯುತ್ತದೆ ಎಂದು ನೋಡಿದರು. ಆ ಹುಡುಗ ಆ ದಿನ ಕಲಿತ ಕನ್ನಡವನ್ನು ನಾನು ಒಂದು ವರ್ಷ ಬೋರ್ಡಿನ ಮೇಲೆ ಬರೆದರೂ ಕಲಿಸಲು ಆಗುತ್ತಿರಲಿಲ್ಲ.

ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಅನ್ನುವವರಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆ ತಂದದ್ದು 1918ರಲ್ಲಿ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ ‘ಬಾಲ ಪ್ರಪಂಚ’ ಬರೆದದ್ದು 1930ರ ದಶಕದಲ್ಲಿ. ಟಿ.ಆರ್. ಅನಂತರಾಮು ಅವರಂಥ ಭೂವಿಜ್ಞಾನಿ ಕನ್ನಡದಲ್ಲೇ ಬರೆದಿದ್ದಾರೆ. ಪುಸ್ತಕ ಇದೆ, ತೆರೆಯುವ ಕೈ ಬೇಕು. ಮಾತೃಭಾಷೆಯನ್ನು ಕಲಿಕೆಯ ಮಾಧ್ಯಮವಾಗಿ ಶಾಲೆಗಳ ಮೇಲೆ ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿತು. ಆ ದಿನ ನನಗೂ ಹೊಟ್ಟೆ ಉರಿಯಿತು. ಆದರೆ ಅಡುಗೆಮನೆಗೆ, ಅಂಗಳಕ್ಕೆ, ಕೆರೆ ಏರಿಗೆ ಯಾವ ಕೋರ್ಟಿನ ತಡೆಯೂ ಇಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೂ ಸಂಜೆ ಐದರ ಮೇಲೆ ನೀವೇ ಮೇಷ್ಟ್ರು.

ನಿಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಮದುವೆಯಾಗಿಲ್ಲ, ಗೊತ್ತು. ಅಕ್ಕನ ಮಕ್ಕಳಿಲ್ಲವೇ? ಬೀದಿಯ ಮಕ್ಕಳಿಲ್ಲವೇ? ಸರ್ಕಾರಿ ಶಾಲೆಯ ಹೆಡ್ಮೇಷ್ಟ್ರನ್ನು ಕೇಳಿದರೆ ಶನಿವಾರ ಒಂದು ಗಂಟೆ ಕೊಡುವುದಿಲ್ಲವೇ? ‘ಪರಿಸರ ಅಧ್ಯಯನ’ ಪುಸ್ತಕದಲ್ಲಿ ಮಣ್ಣು, ನೀರಿನ ಪಾಠ ಇದ್ದೇ ಇದೆ, ಅದನ್ನು ಹೊರಗೆ ತನ್ನಿ. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಸುಳ್ಳು ಹೇಳಬೇಡಿ, ನಾನು ಹೇಳಿ ಸಿಕ್ಕಿಬಿದ್ದಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹಲಸೂರು ಕೆರೆಯ ಹತ್ತಿರ ಇರುತ್ತೇನೆ. ಮೊಮ್ಮಗಳೂ ಬರುತ್ತಾಳೆ. ಅವಳ ಮನೆ ಅಲ್ಲೇ ಇದೆ, ಸಾಲ ತೀರಿಲ್ಲ, ಮಾರಿದರೆ ಕೊಳ್ಳುವವರಿಲ್ಲ. ಮೋಡ ಕವಿದರೆ ಅಕ್ಕಿ ಡಬ್ಬವನ್ನು ಅಟ್ಟಕ್ಕೆ ಏರಿಸುವುದು ಈಗ ಅವಳದೇ ಕೆಲಸ.

ಬರುವಾಗ ಒಂದು ಮಗುವನ್ನು ಕರೆತನ್ನಿ, ಮೂತಿ ಅಗಲವಿರುವ ಖಾಲಿ ಬಾಟಲಿ ತನ್ನಿ, ನಿಮ್ಮ ಮನೆಯ ಹತ್ತಿರದ ಒಂದು ಹಿಡಿ ಮಣ್ಣು ತನ್ನಿ. ಮಣ್ಣು ಹಾಕಿ, ನೀರು ತುಂಬಿ, ಕುಲುಕಿ ಇಡೋಣ. ಮೊದಲು ಮರಳು ಕೂರುತ್ತದೆ, ಅದರ ಮೇಲೆ ಹೂಳು, ಜೇಡಿ ಕೂರಲು ಸೋಮವಾರ ಆಗುತ್ತದೆ. ಶಿವಾಜಿನಗರದ ಬಾಟಲಿಯನ್ನೂ ಕೆ.ಆರ್.ಪುರದ ಬಾಟಲಿಯನ್ನೂ ಪಕ್ಕದಲ್ಲಿ ಇಟ್ಟು ನೋಡೋಣ. ನೀರಿನ ಹತ್ತಿರ ಮಕ್ಕಳ ಕೈ ಬಿಡಬೇಡಿ. ಮಳೆ ಬಂದರೂ ಬನ್ನಿ, ಕೊಡೆ ಇರಲಿ. ನೀರು ಯಾವ ಕಡೆ ಓಡುತ್ತದೆ ಎಂದು ಅವತ್ತು ಚೆನ್ನಾಗಿ ಕಾಣುತ್ತದೆ.